ಮೂರು ಫೈಲು, ಒಂದು ಟೇಬಲ್

ಪ್ರೀತಿಯ ಪುಟ್ಟಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಆಗಾಗ ಬರೆಯುತ್ತಿರು. ಹಳೇ ಕಾಲದ ಒಕ್ಕಣೆ, ನಗಬೇಡ. ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಉದ್ದ ಬರೆದರೆ ನೀನು ಓದುವುದಿಲ್ಲ ಅಂತ ಗೊತ್ತು, ಅದಕ್ಕೇ ಕಾಗದ.

ದೆಹಲಿಯಲ್ಲಿ ಸಂಸದರ ಕಚೇರಿಯಲ್ಲಿ ನಿನಗೆ ಕೆಲಸ ಸಿಕ್ಕಿತು ಅಂತ ನಿನ್ನಮ್ಮ ಹೇಳಿದಾಗ ಖುಷಿಯಾಯಿತು, ಸ್ವಲ್ಪ ದಿಗಿಲೂ ಆಯಿತು. ಅಂಥದೇ ಕುರ್ಚಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಕೂತವನು. ಊರಲ್ಲಿ ಮಾತ್ರ ಕೊನೆಯವರೆಗೂ ನನ್ನನ್ನು ಬ್ಯಾಗ್ ಹಿಡಿಯುವವನು ಅಂತಲೇ ತಿಳಿದಿದ್ದರು. ಸಾಹೇಬರು ವಾರವಿಡೀ ಏನು ಮಾಡ್ತಾರೆ ಮಾವ, ಅಂತ ಫೋನಿನಲ್ಲಿ ಕೇಳಿದೆ ಅಲ್ವಾ? ಅದಕ್ಕೆ ಉತ್ತರ ಇದು.

ಅಧಿವೇಶನ ನಡೆಯುವಾಗ ಸೋಮವಾರದಿಂದ ಶುಕ್ರವಾರ ಸದನ. ಲೋಕಸಭೆಯಲ್ಲಿ 11ಕ್ಕೆ ಪ್ರಶ್ನೋತ್ತರ, 12ಕ್ಕೆ ತುರ್ತು ವಿಷಯ ಎತ್ತುವ ಶೂನ್ಯ ವೇಳೆ, ಊಟದ ನಂತರ ಮಸೂದೆಗಳು. ನಡುವೆ ಸಮಿತಿ ಸಭೆ. ಶುಕ್ರವಾರ ರಾತ್ರಿ ಬೆಂಗಳೂರು ವಿಮಾನ, ಅಲ್ಲಿಂದ ಕಾರು. ಶನಿವಾರ, ಭಾನುವಾರ ಕ್ಷೇತ್ರದ ಜನ. ಹೀಗಾಗಿ ನಿನ್ನ ಟೇಬಲ್ ಮೇಲೆ ಮೂರು ಫೈಲು ಬೆಳೆಯುತ್ತವೆ: ಸದನದ್ದು, ಸಮಿತಿಯದ್ದು, ಜನರದ್ದು. ನಾನು ಮೂರನ್ನೂ ನೀಟಾಗಿ ಬೇರೆ ಬೇರೆ ಇಡುತ್ತಿದ್ದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

ಒಂದು ಶನಿವಾರ ಒಬ್ಬ ಹೆಂಗಸು ಬಂದರು. ಗಂಡ ಸೇನೆಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾಗಿ ತೀರಿಕೊಂಡಿದ್ದರು. ಕುಟುಂಬ ಪಿಂಚಣಿ ಶುರುವಾಗಿರಲಿಲ್ಲ. ಕಾರಣ ಕೇಳು: ಸೇನೆಯ ದಾಖಲೆಯಲ್ಲಿ ಆಕೆಯ ಹೆಸರಿನ ಕೊನೆಗೆ ‘ಅಮ್ಮ’ ಇತ್ತು, ಆಧಾರ್‌ನಲ್ಲಿ ಇರಲಿಲ್ಲ. ಎರಡೇ ಅಕ್ಷರ! ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಡಿಸ್ಚಾರ್ಜ್ ಪುಸ್ತಕ ಇತ್ತು. ನಾಲ್ಕು ಮಡಿಕೆ ಮಾಡಿದ ಜೆರಾಕ್ಸ್‌ನಲ್ಲಿ ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿಹೋಗಿತ್ತು. ನೋಡ್ತೀವಮ್ಮ, ಅಂದೆ. ಅರ್ಜಿಯನ್ನು ಜನರ ಫೈಲಿಗೆ ಸೇರಿಸಿ ದೆಹಲಿ ವಿಮಾನ ಹತ್ತಿದೆ. ಏಳು ತಿಂಗಳು ಅದನ್ನು ತೆಗೆದು ನೋಡಲಿಲ್ಲ.

ಆಗ ಸಾಹೇಬರು ರಕ್ಷಣಾ ಸ್ಥಾಯಿ ಸಮಿತಿಯಲ್ಲಿದ್ದರು. ಮಾಜಿ ಸೈನಿಕರ ಪಿಂಚಣಿ ಅದೇ ಸಮಿತಿ ನೋಡುವ ವಿಷಯ. ಕೇಳಬೇಕಾದ ಪ್ರಶ್ನೆ ನನ್ನ ಡ್ರಾಯರಿನಲ್ಲಿ, ಕೇಳುವ ಮನುಷ್ಯ ಸಭೆಯಲ್ಲಿ. ನಡುವೆ ನಾನು ಗೋಡೆ! ಆಕೆ ಎರಡನೇ ಸಲ ಬಂದು, ಸಿಟ್ಟಾಗದೆ, ‘ನನ್ನ ಕಾಗದ ಕಳೆದುಹೋಯ್ತಾ ಸಾರ್?’ ಅಂತ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಕೊನೆಗೆ ಎರಡು ಕೆಲಸ ಮಾಡಿದೆವು. ಆಕೆಯ ಪರವಾಗಿ ಪತ್ರ ಬರೆದೆವು. ಜೊತೆಗೆ, ಹೆಸರಿನ ವ್ಯತ್ಯಾಸದಿಂದ ನಿಂತುಹೋದ ಕುಟುಂಬ ಪಿಂಚಣಿಗಳು ಎಷ್ಟು ಅಂತ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿದೆವು. ಚುಕ್ಕೆ ಗುರುತಿನ ಪ್ರಶ್ನೆ ದಿನಕ್ಕೆ 20 ಮಾತ್ರ. ಅದರಲ್ಲೂ ಸದನದಲ್ಲಿ ಬಾಯಿಂದ ಉತ್ತರ ಸಿಗುವುದು ಕೆಲವಕ್ಕೇ. ಚುಕ್ಕೆ ಇಲ್ಲದ್ದು 230ರವರೆಗೆ, ಉತ್ತರ ಲಿಖಿತವಾಗಿ ಬರುತ್ತದೆ. ಹೊಸಬರು ಚುಕ್ಕೆಗಾಗಿ ಸಾಯುತ್ತಾರೆ, ಟಿವಿಯಲ್ಲಿ ಬರುತ್ತದೆ ಅಂತ. ನನಗೆ ಕೇಳಿದರೆ ಲಿಖಿತ ಉತ್ತರವೇ ಮೇಲು. ಕಾಗದದ ಮೇಲಿದ್ದನ್ನು ಆಮೇಲೆ ತೋರಿಸಿ ಕೇಳಬಹುದು.

ಬಂದ ಉತ್ತರ ಒಂದೇ ಸಾಲು: ಮಾಹಿತಿ ಸಂಗ್ರಹಿಸಿ ಸದನದಲ್ಲಿ ಮಂಡಿಸಲಾಗುವುದು. ಇಂಥದ್ದು ಬಂದರೆ ಬೇಜಾರಾಗಬೇಡ. ಹಾಗೆ ಬರೆದುಕೊಟ್ಟ ಕ್ಷಣ ಅದು ಸರ್ಕಾರ ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಹಿಂದೆ ಬಿದ್ದು ನೋಡಲಿಕ್ಕೆ ಭರವಸೆಗಳ ಸಮಿತಿ ಅಂತಲೇ ಒಂದಿದೆ. ದಿನಾಂಕ ಬರೆದಿಟ್ಟುಕೊಂಡು ನೆನಪಿಸುವ ಕೆಲಸ ನಿನ್ನದು. ಆಕೆಗೆ ಪಿಂಚಣಿ ಶುರುವಾಯಿತು, ಬಾಕಿಯೂ ಬಂತು. ಆದರೆ ಆ ಏಳು ತಿಂಗಳು ನನ್ನ ಲೆಕ್ಕದಲ್ಲೇ ಉಳಿದಿದೆ.

ಇನ್ನು ಸಮಿತಿಯ ವಿಷಯ. ಸಂಸತ್ತಿನ ಅನೆಕ್ಸ್ ಕಟ್ಟಡದಲ್ಲಿ ಸಭೆ. ನಿನಗೆ ಒಳಗೆ ಪ್ರವೇಶ ಇಲ್ಲ. ಕಾರಿಡಾರಿನಲ್ಲಿ ಚಹಾ ಹಿಡಿದು ನಿಲ್ಲಬೇಕು, ಯೂನಿಫಾರಂ ತೊಟ್ಟವರು ಕಂತೆ ಕಂತೆ ಫೈಲು ಹಿಡಿದು ಒಳಗೆ ಹೋಗುವುದನ್ನು ನೋಡುತ್ತಾ. ಇಲಾಖಾವಾರು ಸ್ಥಾಯಿ ಸಮಿತಿಗಳು 1993ರಲ್ಲಿ ಬಂದವು. ಈಗ 24 ಇವೆ, ಒಂದೊಂದರಲ್ಲಿ 31 ಜನ. ಕ್ಯಾಮೆರಾ ಇರುವುದಿಲ್ಲ. ಹೊರಗೆ ಕಿತ್ತಾಡುವವರು ಅಲ್ಲಿ ಒಂದೇ ಕಡೆ ಕೂತು ಅಧಿಕಾರಿಗಳನ್ನು ಪ್ರಶ್ನೆ ಕೇಳುತ್ತಾರೆ.

ಅದರಿಂದ ಏನಾಗುತ್ತದೆ ಅಂತ ಕೇಳುತ್ತೀಯ. ರಕ್ಷಣಾ ಸ್ಥಾಯಿ ಸಮಿತಿಯ 2018ರ ಮಾರ್ಚ್ ವರದಿ ತೆಗೆದು ಓದು. ಸೇನೆಯ ಸಾಮಗ್ರಿಯಲ್ಲಿ ಶೇ 68ರಷ್ಟು ಹಳೇ ಕಾಲದ್ದು, ಶೇ 24 ಈಗಿನದು, ಅತ್ಯಾಧುನಿಕ ಶೇ 8 ಮಾತ್ರ. ಇದನ್ನು ಸಮಿತಿಯ ಮುಂದೆ ಹೇಳಿದ್ದು ಸೇನೆಯವರೇ. ಸಮಿತಿಯ ಅಧ್ಯಕ್ಷರಾಗಿದ್ದ ಬಿ.ಸಿ. ಖಂಡೂರಿ ಆಳುವ ಪಕ್ಷದವರು, ಹಿಂದೆ ಮೇಜರ್ ಜನರಲ್ ಆಗಿದ್ದವರು. ಹಾಗಿದ್ದೂ ಮುಚ್ಚಿಡದೆ ವರದಿಯಲ್ಲಿ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ಬದಲಾದರು, ಕಾರಣ ಏನೇ ಇರಲಿ. ಅಂಕಿ ಮಾತ್ರ ದಾಖಲೆಯಲ್ಲಿ ನಿಂತಿತು. ದೇಶದ ಭದ್ರತೆಯ ವಿಷಯ ಕೇಳಬಾರದು ಅಂತ ಯಾರಾದರೂ ಅಂದರೆ ಈ ವರದಿ ನೆನಪಿಸಿಕೊ.

ಮಿತಿಯೂ ಇದೆ. ಗುಪ್ತಚರ ಸಂಸ್ಥೆಗಳಾದ ಐಬಿ, ರಾ ಮೇಲೆ ಕಣ್ಣಿಡಲು ಸಂಸತ್ತಿನ ಸಮಿತಿಯೇ ಇಲ್ಲ. 2011ರಲ್ಲಿ ಸಂಸದ ಮನೀಶ್ ತಿವಾರಿ ಅದಕ್ಕಾಗಿ ಖಾಸಗಿ ಮಸೂದೆ (ಸಚಿವರಲ್ಲದ ಸಂಸದರು ತರುವಂಥದ್ದು) ತಂದರು, ಮುಂದೆ ಹೋಗಲಿಲ್ಲ. ಖಾಸಗಿ ಸದಸ್ಯರ ಮಸೂದೆಗಳ ಹಣೆಬರಹವೇ ಅಷ್ಟು. ಇವತ್ತಿನವರೆಗೆ ಪಾಸಾಗಿದ್ದು 14, ಕೊನೆಯದ್ದು 1970ರಲ್ಲಿ.

ಸಮಿತಿ ಸಭೆ ಮುಗಿದ ಸಂಜೆ ನಿನ್ನ ಫೋನು ರಿಂಗಾಗುತ್ತದೆ. ಒಂದೇ ಒಂದು ಲೈನ್ ಹೇಳಿ ಮೇಡಂ, ಹೆಸರು ಹಾಕಲ್ಲ, ಅಂತಾರೆ ಪತ್ರಿಕೆಯವರು. ವರದಿ ಸದನದಲ್ಲಿ ಮಂಡನೆಯಾಗುವವರೆಗೆ ಒಳಗಿನ ಮಾತು ಹೊರಗೆ ಬರುವಂತಿಲ್ಲ. ಗೊತ್ತಿಲ್ಲ ಅಂತ ಸುಳ್ಳು ಹೇಳಬೇಡ, ಹೇಳುವ ಹಾಗಿಲ್ಲ ಅನ್ನು. ಮೂರು ಸಲ ಹಾಗೆ ಅಂದರೆ ನಾಲ್ಕನೇ ಸಲ ಕೇಳುವುದಿಲ್ಲ.

2023ರ ಡಿಸೆಂಬರ್ ನಾನು ಮನೆಯಲ್ಲಿ ಟಿವಿ ಮುಂದೆ ಕೂತು ನೋಡಿದ ತಿಂಗಳು. 8ನೇ ತಾರೀಖು ಒಬ್ಬ ಸಂಸದೆಯ ಸದಸ್ಯತ್ವ ಹೋಯಿತು. ಪ್ರಶ್ನೆ ಹಾಕುವ ಪೋರ್ಟಲ್‌ನ ಲಾಗಿನ್ ಹೊರಗಿನವರಿಗೆ ಕೊಟ್ಟರು ಅನ್ನುವುದು ಅವರ ಮೇಲಿದ್ದ ಆರೋಪಗಳಲ್ಲಿ ಒಂದು. 13ಕ್ಕೆ ಇಬ್ಬರು ಹುಡುಗರು ಗ್ಯಾಲರಿಯಿಂದ ಲೋಕಸಭೆಯೊಳಗೆ ಹಾರಿ ಹಳದಿ ಹೊಗೆ ಬಿಟ್ಟರು. 2001ರ ಸಂಸತ್ ದಾಳಿ ನಡೆದದ್ದೂ ಅದೇ ತಾರೀಖು. ಅವರ ಗ್ಯಾಲರಿ ಪಾಸಿಗೆ ಶಿಫಾರಸು ಹೋಗಿದ್ದು ನಮ್ಮ ಕರ್ನಾಟಕದ ಸಂಸದರೊಬ್ಬರ ಕಚೇರಿಯಿಂದ. ನಾನು ಬೆವತುಹೋದೆ ಕಣಮ್ಮಾ. ಯಾಕೆ ಗೊತ್ತಾ? ಆ ಫಾರಂನಲ್ಲಿ ಬಂದವರು ನನಗೆ ಗೊತ್ತಿರುವವರು ಅಂತ ಸಂಸದರು ಸಹಿ ಹಾಕಬೇಕು. ನಾನೂ ಎಷ್ಟೋ ಸಲ ನಮ್ಮ ಕಡೆಯವರು ಅನ್ನುವ ಒಂದೇ ಮಾತಿಗೆ ಸಹಿ ಹಾಕಿಸಿದ್ದೆ. ದೇವರ ದಯೆ, ಏನೂ ಆಗಲಿಲ್ಲ. ಆಗಲಿಲ್ಲ ಅಂದ ಮಾತ್ರಕ್ಕೆ ಮಾಡಿದ್ದು ಸರಿಯಲ್ಲ.

ಆ ಘಟನೆ ಬಗ್ಗೆ ಗೃಹ ಸಚಿವರ ಹೇಳಿಕೆ ಬೇಕು ಅಂತ ಗಲಾಟೆಯಾಗಿ, ಎರಡೂ ಸದನ ಸೇರಿ 146 ಸಂಸದರು ಅಮಾನತಾದರು. ಅದೇ ಅಧಿವೇಶನದಲ್ಲೇ ಹಳೇ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಪಾಸಾಯಿತು. ಮಸೂದೆಗಳ ಓಟ ಹೊಸದೇನಲ್ಲ. 2008ರ ಮುಂಬೈ ದಾಳಿ ಆಗಿ ಮೂರು ವಾರಕ್ಕೆ ರಾಷ್ಟ್ರೀಯ ತನಿಖಾ ಸಂಸ್ಥೆ ಕಟ್ಟುವ ಎನ್‌ಐಎ ಮಸೂದೆ ಬಂತು, ಡಿಸೆಂಬರ್ 17ಕ್ಕೆ ಲೋಕಸಭೆ, 18ಕ್ಕೆ ರಾಜ್ಯಸಭೆ ದಾಟಿತು. ಅಂಥ ದಿನ ಓದಲು ಪುರುಸೊತ್ತು ಇರುವುದಿಲ್ಲ. ಸಾಹೇಬರಿಗೆ ಒಂದೇ ಪುಟದ ಟಿಪ್ಪಣಿ ಮಾಡಿಕೊಡು: ಯಾವ ಕಲಂ ಬದಲಾಗುತ್ತಿದೆ, ನಮ್ಮ ಕ್ಷೇತ್ರದಲ್ಲಿ ಯಾರಿಗೆ ತಟ್ಟುತ್ತದೆ. ಹೀಗೇ ಓಟು ಹಾಕಬೇಕು ಅನ್ನುವ ಪಕ್ಷದ ವಿಪ್ ಇರುವಾಗ ಓಟು ಅವರ ಕೈಯಲ್ಲಿರುವುದಿಲ್ಲ. ಮಾತು ಇರುತ್ತದೆ. ಆ ಮಾತು ಕನ್ನಡದಲ್ಲೇ ಇರಲಿ ಅಂತ ಒಂದು ಸಲವಾದರೂ ಹೇಳಿ ನೋಡು. 1967ರಲ್ಲಿ ಗೆದ್ದುಹೋದ ನಮ್ಮ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡ ಮಾತಾಡಿ ದಾರಿ ಮಾಡಿಟ್ಟಿದ್ದಾರೆ. ಈಗಂತೂ ಅನುವಾದಕರು ಇದ್ದಾರೆ, ಕಷ್ಟವೇನಿಲ್ಲ.

ಶನಿವಾರದ ಜನರ ವಿಷಯ ಜಾಸ್ತಿ ಹೇಳಲ್ಲ, ನೀನೇ ಕಲಿಯುತ್ತೀಯ. ರೈಲಿನ ಎಮರ್ಜೆನ್ಸಿ ಕೋಟಾ ಪತ್ರ, ಆಪರೇಷನ್ನಿಗೆ ಪ್ರಧಾನಿ ಪರಿಹಾರ ನಿಧಿ ಪತ್ರ, ವರ್ಗಾವಣೆ. ಕೇಂದ್ರೀಯ ವಿದ್ಯಾಲಯದ ಸಂಸದರ ಕೋಟಾ 2022ರಲ್ಲೇ ಹೋಯಿತು, ಆದರೂ ಕೇಳಿಕೊಂಡು ಬರುತ್ತಾರೆ. ಸಂಸದರ ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಸಾಹೇಬರು ಶಿಫಾರಸು ಮಾಡಬಹುದು ಅಷ್ಟೇ, ಕೆಲಸ ಮಾಡಿಸುವುದು ಜಿಲ್ಲಾಡಳಿತ. ಆಗದ ಕೆಲಸಕ್ಕೆ ಆಗಲ್ಲ ಅಂತ ಅವತ್ತೇ ಹೇಳು. ನೋಡ್ತೀವಿ ಅಂದು ಅಲೆಸಬೇಡ. ಆಸ್ಪತ್ರೆ ಅರ್ಜಿಗೆ ಮಾತ್ರ ಶನಿವಾರ, ಭಾನುವಾರ ಅಂತ ನೋಡಬೇಡ, ಎಸ್ಟಿಮೇಟ್ ಕೈಗೆ ಬಂದ ಗಂಟೆಯಲ್ಲೇ ಪತ್ರ ಹೋಗಲಿ. ಆಮೇಲೆ ಭಾನುವಾರ ರಾತ್ರಿ ವಿಮಾನ ಹತ್ತುವ ಮೊದಲು ಜನರ ಫೈಲನ್ನು ಒಂದು ಸಲ ಬಿಚ್ಚಿ, ಯಾವ ಅರ್ಜಿ ಸದನಕ್ಕೆ, ಯಾವುದು ಸಮಿತಿಗೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕು. ಅರ್ಧ ಗಂಟೆ ಸಾಕು.

ನಿನ್ನತ್ತೆ ಚಟ್ನಿಪುಡಿ, ಹುರಿಗಾಳು ಕಳಿಸುತ್ತಿದ್ದಾಳೆ. ಜನವರಿಯ ಚಳಿಗೆ ಒಂದು ಸ್ವೆಟರ್ ಸಾಲದು, ಥರ್ಮಲ್ ತಗೊ.

ಇನ್ನೊಂದು ಮಾತು. ನಿನಗೆ ಕೆಲಸ ಸಿಕ್ಕಿದ ಸುದ್ದಿ ಬೀದಿಯಲ್ಲೆಲ್ಲ ಹರಡಿದೆ. ಪಕ್ಕದ ಮನೆಯವರು ಮಕ್ಕಳನ್ನು ಕರೆದುಕೊಂಡು ದೆಹಲಿಗೆ ಬರುತ್ತಾರಂತೆ, ಸಂಸತ್ತು ತೋರಿಸಲು ಪಾಸ್ ಬೇಕಂತೆ. ಒಳ್ಳೇ ಜನ, ನನಗೆ ಗೊತ್ತಿರುವವರೇ. ಆದರೆ ನಿಮ್ಮ ಸಾಹೇಬರಿಗೆ ಗೊತ್ತಿಲ್ಲವಲ್ಲ. ನನ್ನ ಹೆಸರು ಹೇಳಿಕೊಂಡು ಫೋನ್ ಮಾಡುತ್ತಾರೆ. ಇಲ್ಲ ಅನ್ನು.

ಇಂತಿ ನಿನ್ನ ಮಾವ