ಸ್ಕ್ಯಾನಿಂಗ್ ಕ್ಯೂನಲ್ಲಿ ಸಿಕ್ಕ ಅಕ್ಕನಿಗೆ

ಅಕ್ಕ, ನಿಮ್ಮ ಹೆಸರು ಗೊತ್ತಿಲ್ಲ, ಥ್ಯಾಂಕ್ಸ್ ಮಾತ್ರ ಹೇಳಲೇಬೇಕು. ಅಮ್ಮನ ಕತ್ತಿನ ಥೈರಾಯ್ಡ್ ಗಂಟಿಗೆ ಆಪರೇಷನ್ ಒಂದೇ ದಾರಿ ಅಂತ ನಾವು ಮುಖ ಸಪ್ಪೆ ಮಾಡಿಕೊಂಡು ಕೂತಿದ್ದಾಗ, ನೀವು ಸೆರಗು ಸರಿಸಿ ನಿಮ್ಮ ಕತ್ತು ತೋರಿಸಿದಿರಿ. ಹೊಲಿಗೆಯ ಗೆರೆಯೇ ಇರಲಿಲ್ಲ! ಔಷಧಿ ಚೀಟಿಯ ಹಿಂದೆ 'ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್' (ಕೊಯ್ಯದೆ, ಸೂಜಿಯ ಬಿಸಿಯಿಂದ ಗಂಟನ್ನು ಸುಡುವ ಚಿಕಿತ್ಸೆ) ಅಂತ ಬರೆದುಕೊಟ್ಟು, ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಅಲ್ಲ ಅಂತ ಎರಡು ಸಲ ಬಂದಿರಬೇಕು, ಇನ್ನೊಂದು ಸಲ ಮಾಡಿಸಿ ಅಂದಿರಿ. ಡಾಕ್ಟರೂ ಆಮೇಲೆ ಅದನ್ನೇ ಕೇಳಿದರು.

ಕತ್ತಿಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ನೋಡುತ್ತಾ, ಸೂಜಿಯ ಬಿಸಿ ತುದಿಯನ್ನು ಗಂಟಿನೊಳಗೆ ಚೂರು ಚೂರೇ ಸರಿಸಿ ಸುಟ್ಟರು. ಧ್ವನಿಯ ನರ ಪಕ್ಕದಲ್ಲೇ ಹೋಗುತ್ತದಲ್ವಾ, ಅದಕ್ಕೆ ಮಧ್ಯೆ ಮಧ್ಯೆ ಮಾತಾಡಿಸುತ್ತಿದ್ದರು. ಅಮ್ಮ ಬಿಸಿಬೇಳೆಬಾತ್ ಪುಡಿಯ ಅಳತೆ ಹೇಳಿದರಂತೆ. ಸಂಜೆಗೆ ಮನೆ.

ಗಂಟು ಮಾರನೇ ದಿನವೇ ಮಾಯ ಆಗಲ್ಲ, 6–12 ತಿಂಗಳಲ್ಲಿ ನಿಧಾನಕ್ಕೆ ಅರ್ಧಕ್ಕಿಂತ ಜಾಸ್ತಿ ಕುಗ್ಗುತ್ತದೆ ಅಂತ ನೀವು ಮೊದಲೇ ಹೇಳಿದ್ದಕ್ಕೆ ನಾವು ಸುಮ್ನೆ ಗಾಬರಿಯಾಗಲಿಲ್ಲ. ಗ್ರಂಥಿ ಹಾಗೇ ಉಳಿದಿದೆ, ದಿನಾ ಮಾತ್ರೆಯೂ ಬೇಕಾಗಿಲ್ಲ. ಗಂಟು ಎದೆಮೂಳೆಯ ಹಿಂದೆ ಇಳಿದಿದ್ದರೆ ಆಪರೇಷನ್ನೇ ಸರಿ ಅಂತಲೂ ನೀವು ಹೇಳಿದಿರಿ ನೋಡಿ, ಆಗಲೇ ನಿಮ್ಮ ಮಾತಿನ ಮೇಲೆ ನಂಬಿಕೆ ಬಂದಿದ್ದು. ತುಂಬಾ ಥ್ಯಾಂಕ್ಸ್ ಅಕ್ಕ. ಅಮ್ಮನೂ ನಿಮ್ಮನ್ನು ಕೇಳುತ್ತಿರುತ್ತಾರೆ.