ಕಾಯುವ ದಿನದ ಕೂಲಿ ಯಾರು ಕೊಡುತ್ತಾರೆ, ಕೇಳು

ಚಿ. ಮಂಜುನಾಥನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೆವಿ ಲೈಸೆನ್ಸ್ ಮಾಡಿಸಿ ಲಾರಿ ಕೆಲಸಕ್ಕೆ ಸೇರುತ್ತೇನೆ ಅಂತ ನೀನು ಬರೆದದ್ದು ಓದಿದೆ. ಅದಕ್ಕೂ ಮುಂಚೆಯೇ ನಿನ್ನ ಅಮ್ಮ ಫೋನ್ ಮಾಡಿ ಅತ್ತಿದ್ದಳು. ಅಣ್ಣ, ನೀನಾದರೂ ಬುದ್ಧಿ ಹೇಳು ಅಂದಳು. ಹೋಗಬೇಡ ಅನ್ನುವುದಕ್ಕೆ ನಾನು ಈ ಕಾಗದ ಬರೆಯುತ್ತಿಲ್ಲ. ಲಾರಿ ಓಡಿಸಿಯೇ ಮನೆ ನಡೆಸಿದವನು ನಾನು. ಆಮೇಲೆ ದಾವಣಗೆರೆಯ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ಬರೆದೆ. ಆ ಕೆಲಸದ ಮೇಲೆ ನನಗೆ ಗೌರವ ಇದೆ. ಲೆಕ್ಕ ಗೊತ್ತಿಲ್ಲದೆ ನೀನು ಹೋಗಬಾರದು, ಅಷ್ಟೇ ನನ್ನ ಚಿಂತೆ.

ದೇಶದಲ್ಲಿ 22 ಲಕ್ಷ ಡ್ರೈವರ್‌ಗಳ ಕೊರತೆ ಇದೆ ಅಂತ ಸಾರಿಗೆ ಸಚಿವ ಗಡ್ಕರಿಯವರೇ ಹೇಳಿದ್ದಾರೆ, ಜನ ಸಿಗದಿದ್ದರೆ ಸಂಬಳ ಏರಲೇಬೇಕಲ್ವಾ ಮಾವ, ಅಂತ ಕೇಳಿದ್ದೀಯ. ಮಾರ್ಕೆಟ್ಟಿಗೆ ಈರುಳ್ಳಿ ಕಡಿಮೆ ಬಂದರೆ ರೇಟು ಏರುತ್ತದೆ, ನಿಜ. ಡ್ರೈವರ್ ವಿಷಯದಲ್ಲಿ ಹಾಗಾಗಲಿಲ್ಲ. ನಮ್ಮ ಆಫೀಸಿನಲ್ಲಿ ಗಾಡಿ ನಿಂತಿರುತ್ತಿತ್ತು, ಲೋಡ್ ಇರುತ್ತಿತ್ತು, ಓಡಿಸುವವನು ಸಿಗುತ್ತಿರಲಿಲ್ಲ. ಆದರೂ ಬಾಟಾ, ಅಂದರೆ ಸಂಬಳದ ಮೇಲೆ ದಾರಿಖರ್ಚಿಗೆ ಕೊಡುವ ಭತ್ಯೆ, ನೂರಿನ್ನೂರು ಏರಿಸುವುದಕ್ಕೆ ಓನರ್‌ಗಳು ವರ್ಷಗಟ್ಟಲೆ ಮೀನಮೇಷ ಎಣಿಸುತ್ತಿದ್ದರು.

ಯಾಕೆ ಅಂತ ನಾನು ಬಹಳ ಯೋಚಿಸಿದ್ದೇನೆ. ಇಂಗ್ಲೆಂಡಿನಲ್ಲಿ 2021ರಲ್ಲಿ ಟ್ಯಾಂಕರ್ ಓಡಿಸುವವರಿಲ್ಲದೆ ಪೆಟ್ರೋಲ್ ಬಂಕ್‌ಗಳು ಖಾಲಿಯಾದವು, ಪೇಪರಿನಲ್ಲಿ ಬಂದಿತ್ತು. ಅಲ್ಲಿ ಡ್ರೈವರ್‌ಗಳ ಸಂಬಳ ಏರಿತು. ಅಲ್ಲಿನ ಗಾಡಿಯಲ್ಲಿ ಒಂದು ಯಂತ್ರ ಇರುತ್ತದೆ, ಓಡಿಸಿದ ಪ್ರತಿ ನಿಮಿಷವನ್ನೂ ಬರೆದಿಡುತ್ತದೆ. ನಾಲ್ಕೂವರೆ ಗಂಟೆ ಓಡಿಸಿದರೆ 45 ನಿಮಿಷ ನಿಲ್ಲಿಸಲೇಬೇಕು. ದಿನಕ್ಕೆ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10. ಹಾಗಾಗಿ ಒಬ್ಬನಿಂದ ಇಬ್ಬರ ಕೆಲಸ ತೆಗೆಯುವುದು ಕಷ್ಟ. ಜನ ಕಡಿಮೆಯಾದರೆ ದುಡ್ಡು ಜಾಸ್ತಿ ಕೊಟ್ಟು ಕರೆಯಬೇಕು. ನಮ್ಮಲ್ಲಿ ಆ ಕೊರತೆಯನ್ನು ತುಂಬುತ್ತಿರುವುದು ಇರುವ ಡ್ರೈವರ್‌ನ ನಿದ್ದೆ. ಇಬ್ಬರು ಹೋಗಬೇಕಾದ ಗಾಡಿಗೆ ಒಬ್ಬನನ್ನು ಕಳಿಸುತ್ತಾರೆ, ಅವನು ರಾತ್ರಿಯೂ ಓಡಿಸುತ್ತಾನೆ. ಸರಕು ಹೇಗೋ ತಲುಪುತ್ತದೆ. ಸರಕು ತಲುಪುತ್ತಿರುವಾಗ ಸಂಬಳ ಏರಿಸುವ ತುರ್ತು ಯಾರಿಗಿದೆ ಹೇಳು?

ನಮ್ಮಲ್ಲಿ ಕಾನೂನು ಇಲ್ಲ ಅಂತಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಐದು ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆ ಬಿಡುವು, ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ, ಎಲ್ಲ ಅದರಲ್ಲಿತ್ತು. 2020ರಲ್ಲಿ ಅದನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿದರು. ಆದರೆ ಆ ಕಾಯ್ದೆ ಬರೆದದ್ದು ಐದು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಗಳಿಗೆ. ನಮ್ಮ ಕಡೆ ಲಾರಿ ಇಟ್ಟವರು ಯಾರು? ಒಂದು ಗಾಡಿಯವರು, ಎರಡು ಗಾಡಿಯವರು. ಅವರ ಹತ್ತಿರ ಕೆಲಸಕ್ಕಿದ್ದವನ ಗಂಟೆಗಳನ್ನು ಯಾರೂ ಎಣಿಸಲಿಲ್ಲ.

ಓನರ್‌ನನ್ನೂ ಪೂರ್ತಿ ಬೈಯುವುದಕ್ಕಾಗುವುದಿಲ್ಲ. ಬಾಡಿಗೆ ಗೊತ್ತು ಮಾಡುವವನು ಬ್ರೋಕರ್. ಕಂಪನಿ ದುಡ್ಡು ಕೊಡುವುದು ಎರಡು ತಿಂಗಳೋ ಮೂರು ತಿಂಗಳೋ ಬಿಟ್ಟು. ಡೀಸೆಲ್, ಟೋಲ್, ಟೈರು, ಇನ್ಶೂರೆನ್ಸ್, ಸಾಲದ ಕಂತು ಮಾತ್ರ ಕಾಯುವುದಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನೆನಪಿರಬಹುದು, ಡೀಸೆಲ್ ತೆರಿಗೆ ಏರಿಸಿದ್ದಕ್ಕೆ. ಈ ಖರ್ಚುಗಳಲ್ಲಿ ಓನರ್ ಕೈಯಲ್ಲಿ ಇಳಿಸಲಿಕ್ಕಾಗುವುದು ಒಂದೇ, ಡ್ರೈವರ್ ಸಂಬಳ. ಬಂಕಿನವನ ಹತ್ತಿರ ಚೌಕಾಸಿ ನಡೆಯುವುದಿಲ್ಲ, ನಿನ್ನ ಹತ್ತಿರ ನಡೆಯುತ್ತದೆ.

ಈಗ ನಿನಗೆ ಬಂದಿರುವ ಕೆಲಸದ ವಿಷಯ. ತಿಂಗಳಿಗೆ 18 ಸಾವಿರ, ಟ್ರಿಪ್ ಬಾಟಾ ಬೇರೆ, ಡೀಸೆಲ್ ಉಳಿಸಿದರೆ ಅದು ನಿನಗೇ ಅಂತ ಹೇಳಿದ್ದಾರೆ ಅಂದೆ. ಮೂರನ್ನೂ ಬಿಡಿಸಿ ನೋಡೋಣ.

ಟ್ರಿಪ್ ಬಾಟಾ ಅಂದರೆ ಬೆಂಗಳೂರಿನಿಂದ ಮುಂಬೈಗೆ ಹೋಗಿ ಬಂದರೆ ಇಷ್ಟು ಅಂತ. ದಾರಿ ಸಾವಿರ ಕಿಲೋಮೀಟರಿನ ಹತ್ತಿರ. ಹಿರಿಯೂರು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ. ರೋಡು ಚೆನ್ನಾಗಿದೆ. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಹೋದವು, 2021ರಿಂದ ಫಾಸ್ಟ್ಯಾಗ್ ಕಡ್ಡಾಯ ಆಗಿ ಟೋಲಿನ ಕ್ಯೂ ಕಡಿಮೆಯಾಯಿತು. ಓಡಿಸುವ ಹೊತ್ತು ಖಂಡಿತ ಉಳಿಯಿತು. ಆದರೆ ಮುಂಬೈ ಹತ್ತಿರದ ಭಿವಂಡಿಯ ಗೋಡೌನ್ ಮುಂದೆ ಕಾಯುವ ಹೊತ್ತು ಉಳಿಯಲಿಲ್ಲ. ಹಮಾಲರು ಬರಬೇಕು, ಗೋಡೌನಿನಲ್ಲಿ ಜಾಗ ಆಗಬೇಕು, ಸೂಪರ್‌ವೈಸರ್ ಸಹಿ ಹಾಕಬೇಕು. ಆಮೇಲೆ ರಿಟರ್ನ್ ಲೋಡಿಗೆ ಕಾಯಬೇಕು. ವಾಪಸ್ ಬಂದರೆ ಬೆಂಗಳೂರಿನೊಳಗೆ ದೊಡ್ಡ ಗಾಡಿಗೆ ಹಗಲಲ್ಲಿ ನಿರ್ಬಂಧದ ಹೊತ್ತು ಇದೆ, ನೆಲಮಂಗಲದ ಆಚೆಯೇ ನಿಲ್ಲಬೇಕು. ಟ್ರಿಪ್ಪಿಗೆ ಆರು ಸಾವಿರ ಬಾಟಾ ಅಂದುಕೋ. ಆರು ದಿನದಲ್ಲಿ ಮುಗಿದರೆ ದಿನಕ್ಕೆ ಸಾವಿರ. ಹತ್ತು ದಿನ ಆದರೆ ಆರು ನೂರು, ಅದರಲ್ಲೇ ನಿನ್ನ ಊಟ, ಸ್ನಾನ, ಟೀ. ಆ ನಾಲ್ಕು ದಿನ ನೀನು ರಜೆಯಲ್ಲಿ ಇರಲಿಲ್ಲ. ಗಾಡಿ ಕಾದೆ, ಟಾರ್ಪಾಲ್ ಕಾದೆ, ಡೀಸೆಲ್ ಟ್ಯಾಂಕು ಕಾದೆ. ಆ ಕೂಲಿ ಯಾರೂ ಕೊಡಲಿಲ್ಲ.

ಅದಕ್ಕೇ ಹೇಳುತ್ತೇನೆ, ಸಂಬಳ ಎಷ್ಟು ಅನ್ನುವುದಕ್ಕಿಂತ ಮೊದಲು ಹಾಲ್ಟಿಂಗ್ ದುಡ್ಡು, ಅಂದರೆ ಗಾಡಿ ಕಾದು ನಿಂತ ದಿನಗಳ ದುಡ್ಡು, ಎಷ್ಟು ಅಂತ ಕೇಳು. ಕಂಪನಿಯಿಂದ ಹಾಲ್ಟಿಂಗ್ ಚಾರ್ಜ್ ಓನರ್‌ಗೆ ಬರುತ್ತದಾ, ಬಂದರೆ ಅದರಲ್ಲಿ ಡ್ರೈವರ್ ಪಾಲೆಷ್ಟು, ಬರದಿದ್ದರೆ ಎರಡನೇ ದಿನದಿಂದ ನನ್ನ ದಿನದ ಬಾಟಾ ಯಾರು ಕೊಡುತ್ತಾರೆ, ಹೀಗೆ ಬಾಯಿಬಿಟ್ಟು ಕೇಳು. ಸಂಕೋಚ ಬೇಡ. ಈ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಡುವ ಓನರ್ ಸಿಕ್ಕರೆ ಎರಡು ಸಾವಿರ ಸಂಬಳ ಕಡಿಮೆಯಾದರೂ ಅವನ ಹತ್ತಿರವೇ ಸೇರು. ಮಾಲಿನಲ್ಲಿ ಶಾರ್ಟೇಜ್ ಬಂದರೆ ಯಾರ ತಲೆಗೆ ಕಟ್ಟುತ್ತಾರೆ ಅಂತಲೂ ಕೇಳು. ಸಿಮೆಂಟ್ ಚೀಲ ಎರಡು ಒಡೆದದ್ದಕ್ಕೆ ತಿಂಗಳ ಸಂಬಳದಲ್ಲಿ ಮುರಿದುಕೊಂಡದ್ದನ್ನು ನಾನು ಆಫೀಸಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಲೋಡ್ ಮಾಡುವಾಗ ಎಣಿಸಿ ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆಸಿಕೋ, ಇಳಿಸಿದ ಮೇಲೆ ಸಹಿ ಹಾಕಿಸಿಕೊಂಡು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೋ.

ಮೂರನೆಯದು ಡೀಸೆಲ್ ಉಳಿಸುವ ಆಸೆ. ಇದರ ಬಗ್ಗೆ ನನಗೆ ಭಯ ಇದೆ. ಉಳಿದ ಡೀಸೆಲ್ ನಿನಗೇ ಅಂದ ಕೂಡಲೇ ಶಿರಾಡಿ ಘಾಟಿಯಲ್ಲಿ, ಅರಬೈಲು ಘಾಟಿಯಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸುವ ಚಟ ಹತ್ತುತ್ತದೆ. ಇಪ್ಪತ್ತು ಟನ್ ಮಾಲು ಹಿಂದಿನಿಂದ ತಳ್ಳುತ್ತಿರುತ್ತದೆ, ತಡೆಯುವುದಕ್ಕೆ ಬರೀ ಬ್ರೇಕು. ಲೈನರ್ ಕಾದು ಹೊಗೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಇದನ್ನು ಯಾರು ಎಷ್ಟು ನಕ್ಕರೂ ಬಿಡಬೇಡ. ಓವರ್‌ಲೋಡ್ ಹಾಕುತ್ತೇವೆ ಅಂದರೂ ಬೇಡ ಅನ್ನು. 2019ರ ತಿದ್ದುಪಡಿಯಾದ ಮೇಲೆ ದಂಡವೇ 20 ಸಾವಿರ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೆರಡು ಸಾವಿರ. ದಂಡ ಓನರ್ ಕಟ್ಟಿಯಾನು. ಘಾಟಿಯಲ್ಲಿ ಒಳಗೆ ಕೂತಿರುವವನು ನೀನು.

ಕಲಿಯುವುದು ಹೇಗೆ ಅಂತ ಕೇಳಿದ್ದೀಯ. ನಮ್ಮ ಕಾಲದಲ್ಲಿ ಎಲ್ಲರೂ ಮೊದಲು ಕ್ಲೀನರ್. ಹಗ್ಗ ಬಿಗಿಯುವುದು, ಟೈರು ತಟ್ಟಿ ಗಾಳಿ ನೋಡುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ಬರಲಿ ಬರಲಿ ಅನ್ನುವುದು. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿ ನೋಡಿ, ಖಾಲಿ ರೋಡಿನಲ್ಲಿ ಉಸ್ತಾದ್ ಸ್ಟೇರಿಂಗ್ ಕೊಡುತ್ತಿದ್ದರು. ಖರ್ಚು ಉಳಿಯುತ್ತದೆ ಅಂತ ಓನರ್‌ಗಳು ಮೊದಲು ತೆಗೆದದ್ದು ಕ್ಲೀನರ್‌ನನ್ನೇ. ಈಗ ಎಲ್ಲಿ ನೋಡಿದರೂ ಡ್ರೈವರ್ ಒಬ್ಬನೇ. ಮುಂದಿನ ಡ್ರೈವರ್ ಹುಟ್ಟುತ್ತಿದ್ದದ್ದು ಆ ಎಡಗಡೆ ಸೀಟಿನಲ್ಲಿ. ಅದನ್ನು ಖಾಲಿ ಮಾಡಿ ಈಗ ಡ್ರೈವರ್ ಇಲ್ಲ ಅಂತ ಕೊರಗುತ್ತಾರೆ. ಟ್ರಕ್ ಓಡಿಸುವವರಿಗೆ ಎಂಟನೇ ಕ್ಲಾಸು ಆಗಿರಬೇಕು ಅನ್ನುವ ನಿಯಮವನ್ನು 2019ರಲ್ಲಿ ತೆಗೆದರು. ದೊಡ್ಡ ಗಾಡಿಯ ಕ್ಯಾಬಿನ್ನಿಗೆ ಏಸಿ ಬೇಕು ಅಂತ ನಿಯಮ ಬಂದು, 2025ರ ಅಕ್ಟೋಬರ್ 1ರಿಂದ ತಯಾರಾದ ಲಾರಿಗಳಿಗೆ ಕಡ್ಡಾಯ ಆಗಿದೆ. ಒಳ್ಳೆಯದೇ, ಚಿತ್ರದುರ್ಗದ ಬಿಸಿಲಿನಲ್ಲಿ ಇಂಜಿನ್ ಪಕ್ಕ ಕೂತವನಿಗೆ ಅದರ ಬೆಲೆ ಗೊತ್ತು. ಆದರೆ ಲಾರಿ ಡ್ರೈವರ್‌ಗೆ ಹೆಣ್ಣು ಕೊಡುವುದಿಲ್ಲ ಅನ್ನುವ ಮಾತು ಏಸಿಯಿಂದ ಹೋಗುವುದಿಲ್ಲ. ತಿಂಗಳಲ್ಲಿ ಇಷ್ಟು ದಿನ ಮನೆಯಲ್ಲಿರುತ್ತೇನೆ ಅಂತ ಹುಡುಗ ಖಚಿತವಾಗಿ ಹೇಳುವಂತಾದರೆ ಹೋದೀತು.

ಹಾಗಾಗಿ ನೀನು ಒಮ್ಮೆಲೇ ಹದಿನಾಲ್ಕು ಚಕ್ರಕ್ಕೆ ಕೈ ಹಾಕಬೇಡ. ಕಾರಿನ ಲೈಸೆನ್ಸ್ ಆಗಿ ಒಂದು ವರ್ಷ ತುಂಬಿರಬೇಕು, ವಯಸ್ಸು 20 ಆಗಿರಬೇಕು, ಆಮೇಲೆ ತಾನೇ ಹೆವಿಗೆ ಅರ್ಜಿ. 20 ತುಂಬಿದ್ದರೆ ಆ ನಡುವೆ ಸಣ್ಣ ಗೂಡ್ಸ್ ಗಾಡಿ ಓಡಿಸು. ಒಟ್ಟು ತೂಕ 7,500 ಕೆಜಿ ಒಳಗಿನ ಗೂಡ್ಸ್ ಗಾಡಿಯನ್ನು ಈಗಿರುವ ಎಲ್‌ಎಂವಿ (ಕಾರಿನಂಥ ಹಗುರ ವಾಹನದ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಮತ್ತೆ ಖಚಿತ ಮಾಡಿದೆ. ತರಕಾರಿ, ಅಕ್ಕಿ, ಬ್ಯಾಡಗಿಯ ಮೆಣಸಿನಕಾಯಿ, ಏನಾದರೂ ಆಗಲಿ. ಲೋಡ್ ಹೇಗೆ ಕೂರುತ್ತದೆ, ತಿರುವಿನಲ್ಲಿ ಗಾಡಿ ಹೇಗೆ ಎಳೆಯುತ್ತದೆ ಅಂತ ಕೈಗೆ ಗೊತ್ತಾಗಲಿ. ಮುಂದೆ ಮಂಗಳೂರು ಕಡೆ ಗ್ಯಾಸ್ ಟ್ಯಾಂಕರಿಗೆ ಹೋಗುವ ಮನಸ್ಸಿದ್ದರೆ ಅಪಾಯಕಾರಿ ಸರಕಿನ ತರಬೇತಿ ಬೇರೆಯೇ ಪಡೆಯಬೇಕು.

ಎರಡು ವರ್ಷ ದುಡಿದು ಸಾಲದಲ್ಲಿ ಸ್ವಂತ ಲಾರಿ ತಗೋತೀನಿ ಅಂತ ಕೊನೆಯಲ್ಲಿ ಬರೆದಿದ್ದೀಯ. ಇದಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಕಬ್ಬಿಣದ ಅದಿರಿನ ಕಾಲದಲ್ಲಿ ಎಮ್ಮೆ ಮಾರಿ, ಹೊಲ ಅಡವಿಟ್ಟು ಲಾರಿ ತಂದವರು ಎಷ್ಟೋ ಜನ. ಬೇಲೆಕೇರಿ ಬಂದರಿಗೆ, ಮಂಗಳೂರಿಗೆ ಹಗಲು ರಾತ್ರಿ ಓಡಿಸಿದರು. 2010ರಲ್ಲಿ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು, ಮುಂದಿನ ತಿಂಗಳು ತುಮಕೂರು, ಚಿತ್ರದುರ್ಗಕ್ಕೂ ಅದೇ ಆಯಿತು. ಗಣಿಯಲ್ಲಿ ನಡೆದದ್ದು ಲೂಟಿ, ನಿಲ್ಲಿಸಿದ್ದು ಸರಿ. ಆದರೆ ಒಂದೇ ಗಾಡಿ ಇಟ್ಟುಕೊಂಡಿದ್ದವನಿಗೆ ಕಂತು ನಿಲ್ಲಲಿಲ್ಲ. ಫೈನಾನ್ಸಿನವರು ಲಾರಿ ಎಳೆದುಕೊಂಡು ಹೋದರು. ಸ್ವಂತ ಲಾರಿ ತಗೊಂಡರೆ ನೀನೇ ಓನರ್, ನೀನೇ ಡ್ರೈವರ್. ಕಂತು ಕಟ್ಟುವ ಓನರ್ ಮಲಗಬೇಕಾದ ಡ್ರೈವರ್‌ನನ್ನು ಎಬ್ಬಿಸುತ್ತಲೇ ಇರುತ್ತಾನೆ.

ಅಪಘಾತದ ಮಾತು ನಿನ್ನ ಅಮ್ಮನಿಗೆ ಓದಿ ಹೇಳಬೇಡ. 2024ರ ಜನವರಿಯಲ್ಲಿ ದೇಶಾದ್ಯಂತ ಡ್ರೈವರ್‌ಗಳು ಗಾಡಿ ನಿಲ್ಲಿಸಿದ್ದು ಹೊಸ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮನ್ನು ವಿರೋಧಿಸಿ. ಅಜಾಗರೂಕತೆಯಿಂದ ಗುದ್ದಿ ಜೀವ ಹೋಗಿ, ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಅಂತ ಅದರಲ್ಲಿದೆ. ಆ ವರ್ಷ ಜುಲೈ 1ಕ್ಕೆ ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿದರು. ಅದು ಹೇಗೇ ಇರಲಿ, ಏನಾದರೂ ಆದರೆ ಮೊದಲು 112ಕ್ಕೆ ಫೋನ್ ಮಾಡು. ಗಾಯವಾದವರನ್ನು ಆಸ್ಪತ್ರೆಗೆ ಸೇರಿಸುವುದು ಡ್ರೈವರ್ ಕರ್ತವ್ಯ ಅಂತ ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಹೇಳುತ್ತದೆ. ಜನ ಹೊಡೆಯಲು ಬಂದು ನಿಲ್ಲಲಾಗದಿದ್ದರೆ ಅದಕ್ಕೆ ವಿನಾಯಿತಿಯನ್ನೂ ಅದೇ ಕಲಮು ಕೊಟ್ಟಿದೆ. ಆಗ ನೆಟ್ಟಗೆ ಹತ್ತಿರದ ಪೊಲೀಸ್ ಸ್ಟೇಷನ್ನಿಗೆ ಹೋಗಿ ತಿಳಿಸು. ಅಡಗಿ ಕೂರಬೇಡ.

ನಮ್ಮ ರಾಜ್ಯದಲ್ಲಿ ಖಾಸಗಿ ವಾಣಿಜ್ಯ ವಾಹನದ ಡ್ರೈವರ್, ಕ್ಲೀನರ್‌ಗಳಿಗೆ ಅಪಘಾತ ಪರಿಹಾರ ಯೋಜನೆ ಇದೆ, ಜೀವ ಹೋದರೆ ಮನೆಯವರಿಗೆ 5 ಲಕ್ಷ. 2024ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಪ್ರತ್ಯೇಕ ಕಾಯ್ದೆಯೂ ಆಯಿತು. ಕೆಲಸಕ್ಕೆ ಸೇರಿದ ವಾರದಲ್ಲೇ ಕಾರ್ಮಿಕ ಇಲಾಖೆಗೆ ಹೋಗಿ ಹೆಸರು ನೋಂದಾಯಿಸು. ಎಷ್ಟೋ ಮನೆಗಳು ಸಾವಾದ ಮೇಲೆ ಕಾಗದ ಹುಡುಕುತ್ತವೆ.

ನೀನು ಈಗ ಆ ಓನರ್‌ಗೆ ಆಗಲಿ ಅನ್ನಲೂ ಬೇಡ, ಇಲ್ಲ ಅನ್ನಲೂ ಬೇಡ. ಸಂಬಳ, ದಿನದ ಬಾಟಾ, ಹಾಲ್ಟಿಂಗ್, ತಿಂಗಳಿಗೆ ಎಷ್ಟು ದಿನ ರಜೆ, ರಾತ್ರಿ ಎಷ್ಟು ಗಂಟೆಗೆ ಗಾಡಿ ನಿಲ್ಲಿಸಬಹುದು, ಇಷ್ಟನ್ನು ಒಂದು ಕಾಗದದಲ್ಲಿ ಬರೆಸಿಕೋ. ಬರೆದುಕೊಡುವುದಿಲ್ಲ ಅಂದರೆ ವಾಟ್ಸಾಪಿನಲ್ಲಾದರೂ ಕಳಿಸಲಿ. ನೀನು ಬರುವ ಭಾನುವಾರ ದಾವಣಗೆರೆಗೆ ಬಾ. ನಮ್ಮ ಆಫೀಸಿನ ಹಳಬರು ಇಬ್ಬರು ಇನ್ನೂ ಇದ್ದಾರೆ, ಅವರ ಮುಂದೆ ಕೂತು ಆ ಲೆಕ್ಕ ನೋಡೋಣ. ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ.

ಇಂತಿ,
ನಿನ್ನ ಮಾವ