ಪುಟ್ಟಿ, ಫೋನಲ್ಲಿ ನೀನು ಕೇಳಿದ್ದಕ್ಕೆ

ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಅಪ್ಪ ಮುದ್ದೆ ಉಂಡು ಬೆಳೆದೋರು, ಅವ್ರಿಗೇ ಕರುಳಿನ ಕ್ಯಾನ್ಸರ್ ಬಂತು, ಇನ್ನು ನಾನು ಏನ್ ತಿಂದ್ರೇನಮ್ಮ ಅಂತ. ಆಗ ಗಂಟಲು ಕಟ್ಕೊಂಡು ಮಾತೇ ಬರ್ಲಿಲ್ಲ, ಅದಕ್ಕೆ ಈಗ ಬರೀತಿದೀನಿ.

ಅಪ್ಪ ಮುದ್ದೆ ಉಂಡಿದ್ದು ಊರಲ್ಲಿದ್ದಾಗ ಕಣೇ. ನೈಟ್ ಶಿಫ್ಟಿಗೆ ಸೇರಿದ್ಮೇಲೆ ಇಪ್ಪತ್ತು ವರ್ಷ ಪರೋಟ, ಬಿಳಿ ಅನ್ನ, ಬೇಕರಿ ಬನ್ನು, ಜೊತೆಗೆ ಕುಡಿಯೋದು ಬೇರೆ. ಅದ್ರಿಂದ್ಲೇ ಬಂತು ಅಂತ ಯಾವ ಡಾಕ್ಟ್ರೂ ಹೇಳಕ್ಕಾಗಲ್ಲ, ಚೆನ್ನಾಗಿ ಉಣ್ಣೋರಿಗೂ ಬರತ್ತೆ, ವಯಸ್ಸು, ವಂಶ ಎಲ್ಲಾ ಸೇರತ್ತೆ. ಆದ್ರೆ ಊಟ ನಮ್ಮ ಕೈಲಿರೋದು. ಕಾಳು, ಸೊಪ್ಪು, ರಾಗಿಲಿರೋ ನಾರು ನಮಗೆ ಜೀರ್ಣ ಆಗಲ್ಲ, ದೊಡ್ಡ ಕರುಳಿಗೆ ಹೋಗತ್ತೆ, ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ತಿಂದು ಬ್ಯುಟಿರೇಟ್ ಅಂತ ಮಾಡತ್ತೆ, ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಊಟ. ನಾರೇ ಇಲ್ದಿದ್ರೆ ಅವು ಉಪವಾಸ ತಾನೆ? ನೂರು ಗ್ರಾಂ ರಾಗಿಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಅಕ್ಕಿಲಿ 3 ಗ್ರಾಮೂ ಇಲ್ಲ. ದಿನಕ್ಕೆ 25ರಿಂದ 29 ಗ್ರಾಂ ನಾರು ತಿನ್ನೋರಲ್ಲಿ ಈ ಕಾಯಿಲೆ ಕಮ್ಮಿ ಅಂತ 2019ರಲ್ಲಿ ಲ್ಯಾನ್ಸೆಟ್ ಅನ್ನೋ ಡಾಕ್ಟ್ರುಗಳ ಪತ್ರಿಕೆಲಿ ಬಂದಿತ್ತು.

ನೀನು ದಿನಾ ಬೆಳಗ್ಗೆ ಬ್ರೆಡ್ಡಿಗೆ ಸಾಸೇಜ್ ಹಾಕ್ಕೊಂಡು ಓಡ್ತೀಯ. 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದೋರು ಸಾಸೇಜ್, ಬೇಕನ್, ಸಲಾಮಿ ಎಲ್ಲಾ ಕ್ಯಾನ್ಸರ್ ತರತ್ತೆ ಅಂತ ಖಚಿತವಾಗಿ ಹೇಳಿದಾರೆ, ದಿನಾ 50 ಗ್ರಾಂ ತಿಂದ್ರೆ ರಿಸ್ಕು 18% ಜಾಸ್ತಿ. ಯಾವಾಗ್ಲೋ ಒಂದ್ಸಲ ತಿನ್ನು, ದಿನಾ ಬೇಡ.

ಇನ್ನೊಂದು ಮಾತು, ಇದನ್ನ ಹೇಳೋಕೆ ಈಗ್ಲೂ ಕೈ ನಡುಗತ್ತೆ. ಅಪ್ಪಂಗೆ ರಕ್ತ ಹೋಗ್ತಿತ್ತು, ಆರು ತಿಂಗಳು ನನಗೂ ಹೇಳ್ಲಿಲ್ಲ. ಆಮೇಲೆ ಒಂದು ಕ್ಲಿನಿಕ್ಕಲ್ಲಿ ಪರೀಕ್ಷೆನೇ ಮಾಡ್ದೆ ಪೈಲ್ಸ್ ಅಂತ ಮುಲಾಮು ಕೊಟ್ಟು ಕಳಿಸಿದ್ರು, ನಾವೂ ನಂಬಿದ್ವಿ. ಸುಸ್ತು ಅಂತಿದ್ರು, ಹಿಮೋಗ್ಲೋಬಿನ್ ಇಳಿದಿತ್ತು, ಅದಕ್ಕೂ ಬರೀ ಟಾನಿಕ್ಕು. ಈ ಕ್ಯಾನ್ಸರ್ ಬಹಳಷ್ಟು ಸಲ ಪಾಲಿಪ್ ಅಂತ ಸಣ್ಣ ಗಂಟಿನಿಂದ ಶುರುವಾಗಿ ಬಲಿಯೋಕೆ ಹತ್ತು ವರ್ಷನೇ ಹಿಡಿಯತ್ತಂತೆ, ಅಷ್ಟ್ರೊಳಗೆ ಕೊಲೊನೋಸ್ಕೋಪಿಲಿ, ಅಂದ್ರೆ ಕ್ಯಾಮೆರಾ ಇರೋ ಕೊಳವೆ ಹಾಕಿ ಕರುಳು ನೋಡೋ ಪರೀಕ್ಷೆಲಿ, ಕಂಡ್ರೆ ಅಲ್ಲೇ ಕಿತ್ತು ಹಾಕ್ತಾರೆ. ಅಷ್ಟು ಟೈಮಿತ್ತು ನಮಗೆ. ಅಪ್ಪಂಗೆ ಗೊತ್ತಾದಾಗ 47, ಮಕ್ಕಳಿಗೆ ಹತ್ತು ವರ್ಷ ಮುಂಚೆನೇ ನೋಡ್ಬೇಕು ಅಂದಿದಾರೆ, ಅಂದ್ರೆ ನೀನು 37ಕ್ಕೆ ಮಾಡಿಸ್ಕೋಬೇಕು, ಬರ್ದಿಟ್ಕೋ. ಅದಕ್ಕೆ ಮುಂಚೆ ರಕ್ತ ಕಂಡ್ರೆ, ಹೊಟ್ಟೆ ರೂಢಿ ಬದಲಾದ್ರೆ ನಾಚ್ಕೋಬೇಡ, ರಾತ್ರಿ ಎರಡು ಗಂಟೆ ಆದ್ರೂ ನಂಗೆ ಫೋನ್ ಮಾಡು.

ಆಪರೇಷನ್ ಆದ ಹೊಸದರಲ್ಲಿ ಅಪ್ಪಂಗೆ ನಾರಿರೋದು ಕೊಡ್ಬೇಡಿ, ಮೆತ್ತಗಿರೋದೇ ಕೊಡಿ ಅಂದಿದ್ರು, ಈಗ ಎಲ್ಲಾ ತಿನ್ಬೋದು. ಬೆಳಗ್ಗೆ ಎದ್ದು ಅವ್ರೇ ಹುರಳಿಕಾಳಿನ ಗಂಟು ಬಿಚ್ಚಿ ಮೊಳಕೆ ಬಂದಿದ್ಯಾ ಅಂತ ಬೆರಳಲ್ಲಿ ಸವರಿ ನೋಡ್ತಾರೆ, ಬಂದಿದ್ರೆ ಇವತ್ತು ಸಾರು ಮಾಡೇ ಅಂತ ಕೂಗ್ತಾರೆ. ನಾಳೆ ಬಸ್ಸಲ್ಲಿ ರಾಗಿ ಹಿಟ್ಟು, ಎರಡು ಕೆಜಿ ಹುರಳಿ ಕಳಿಸ್ತಿದೀನಿ. ಕಾಳು ಕಟ್ಟೋಕೆ ಅಪ್ಪನ ಹಳೇ ಪಂಚೆ ಹರಿದು ಎರಡು ತುಂಡು ಇಟ್ಟಿದೀನಿ, ಒಗೆದಿದೆ.

ಅಮ್ಮ